ಜೂನ್ ತಿಂಗಳ ನೆರಳು

“ಬೂಟುಗಾಲಲ್ಲಿ ಕಾಫಿ ತುಳೀಬೇಡಿ ಮಾರಾಯ್ರೆ, ಆ ಅಂಚಲ್ಲಿ ಬನ್ನಿ,” ಎಂದು ವಸಂತಮ್ಮ ಕೂಗುವಷ್ಟರಲ್ಲಿ, ನಕ್ಷೆಯ ಸುರುಳಿ ಹಿಡಿದ ಯುವಕ ಕಣದ ನಡುವೆ ಬಂದಾಗಿತ್ತು. ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿ ಅವನ ಕಾಲಡಿ ಕರಕರ ಎಂದಿತು. ಅವನ ಹಿಂದೆ ಪಂಚಾಯ್ತಿ ಅಧ್ಯಕ್ಷ ಮಲ್ಲಿಕಾರ್ಜುನಪ್ಪ ಪಂಚೆ ಎತ್ತಿಕೊಂಡು ಅಂಚಿನಲ್ಲೇ ಬಂದ. ಅವನೂ ಕಾಫಿ ಬೆಳೆಯುವವನೇ, ಕಣ ತುಳಿಯಬಾರದೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಹೇಳಿರಲಿಲ್ಲ.

ಯುವಕನ ಹೆಸರು ಅಭಿರಾಮ, ಆರ್ಕಿಟೆಕ್ಟ್. ಹದಿನೇಳು ದೇಶಗಳಲ್ಲಿ ಮುಗಿಲೆತ್ತರದ ಕಟ್ಟಡ ಎಬ್ಬಿಸಿದ ಲಂಡನ್ ಕಂಪನಿಯೊಂದರ ಬೆಂಗಳೂರು ಆಫೀಸಿನವನು. ದುಬೈ ಮುಗಿಯಿತು, ಶಾಂಘೈ ಮುಗಿಯಿತು, ಈಗ ಈ ವಸ್ತಾರೆ ಊರಿನ ಸರದಿ. ವಸಂತಮ್ಮನ ಮೂರೆಕರೆಗೆ ದಕ್ಷಿಣದಲ್ಲಿ ತಾಗಿಕೊಂಡಿರುವ ಗುಡ್ಡದ ಮೇಲೆ ಹದಿನಾಲ್ಕು ಅಂತಸ್ತಿನ ಹೋಟೆಲು. ಪ್ರತಿ ಕೋಣೆಯಿಂದಲೂ ಮುಳ್ಳಯ್ಯನಗಿರಿ ಕಾಣಬೇಕಂತೆ. ಕಾಣಲಿ, ಬೇಡ ಎಂದವರು ಯಾರು? ಆದರೆ ಅದಕ್ಕೆ ಪಕ್ಕದ ಜಮೀನಿನವರ ಒಪ್ಪಿಗೆಯ ಸಹಿ ಬೇಕಿತ್ತು.

“ನಿಮಗೆ ಏನೂ ತೊಂದರೆ ಇಲ್ಲ ಮೇಡಂ,” ಅಭಿರಾಮ ಜಗಲಿಯ ಮೇಲೆ ನಕ್ಷೆ ಬಿಡಿಸಿದ. “ಬಿಲ್ಡಿಂಗಿನ ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಲಂಡನ್ನಲ್ಲೇ ಲೆಕ್ಕ ಹಾಕಿದ್ದಾರೆ. ನೋಡಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಿಮ್ಮ ಕಣದ ಮೇಲೆ ಒಂದಿಂಚು ನೆರಳೂ ಇಲ್ಲ.”

ವಸಂತಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಏಳನೇ ಕ್ಲಾಸಿನ ಇಂಗ್ಲಿಷು ಸಾಕಾಯಿತು. ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: 21 ಜೂನ್ 2007.

“ಇದೆಂತ, ಜೂನಾ?”

“ಹೌದು ಮೇಡಂ. ವರ್ಷದಲ್ಲೇ ಉದ್ದದ ದಿನ. ಬಿಸಿಲು ಜಾಸ್ತಿ ಇರೋ ದಿನ.”

“ಯಾವೂರಲ್ಲಿ?”

ಅಭಿರಾಮನಿಗೆ ಅರ್ಥವಾಗಲಿಲ್ಲ. ಮಲ್ಲಿಕಾರ್ಜುನಪ್ಪನಿಗೆ ಚೆನ್ನಾಗಿ ಅರ್ಥವಾಯಿತು, ಅವನು ಆ ಕಡೆ ತಿರುಗಿ ತೋಟ ನೋಡತೊಡಗಿದ. ವಸಂತಮ್ಮನಿಗೆ ಸಿಟ್ಟು ನೆತ್ತಿಗೇರಿತು.

“ಜೂನಲ್ಲಿ ಇಲ್ಲಿ ಜಡಿಮಳೆ ಹೊಡೀತಿರುತ್ತೆ. ಸೂರ್ಯನ ಮುಖ ನೋಡಿ ಹದಿನೈದು ದಿನ ಆಗಿರುತ್ತೆ. ಬಿಸಿಲೇ ಇಲ್ದೆ ನೆರಳು ಎಲ್ಲಿಂದ ಬರಬೇಕು? ನಾನು ಕಾಫಿ ಒಣಗಿಸೋದು ಡಿಸೆಂಬರು, ಜನವರಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ನಿಮ್ಮ ಹೋಟ್ಲಿನ ಬೆನ್ನ ಹಿಂದೆ. ಡಿಸೆಂಬರಿಂದು ತೋರ್ಸಿ.”

ಅಭಿರಾಮ ಲ್ಯಾಪ್‌ಟಾಪ್ ತೆರೆದ. ಕಣದ ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣದೆ, ಗೋಡೆಗೆ ಮುಖ ಮಾಡಿ ಕೂತು ತಿಂಗಳು ಬದಲಿಸಿದ. ಕಟ್ಟಡ ಇದ್ದಲ್ಲೇ ಇತ್ತು. ನೆರಳು ಮಾತ್ರ ಬೇಲಿ ದಾಟಿ ಬಂದು ಕಣದ ಮೇಲೆ ಉದ್ದಕ್ಕೂ ಮಲಗಿತು. ಒಂಬತ್ತಕ್ಕೆ ಮಲಗಿದ್ದು ಮೂರೂವರೆಯಾದರೂ ಏಳಲಿಲ್ಲ. ಅವನು ಇನ್ನೊಮ್ಮೆ ಮಾಡಿ ನೋಡಿದ, ಮತ್ತೆ ಅಷ್ಟೇ. ಪಾಪ, ಕೆಟ್ಟವನೇನಲ್ಲ. ಇಲ್ಲಿಗೆ ಬರುವ ಮುಂಚೆ ಯಾರನ್ನಾದರೂ ಒಂದು ಮಾತು ಕೇಳಬೇಕೆಂದು ಹದಿನೇಳು ದೇಶಗಳಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ.

“ಇದೊಂದೇ ಕಣ ನಂಗಿರೋದು. ಮಿಕ್ಕಿದ್ದೆಲ್ಲ ಇಳಿಜಾರು,” ಎಂದಳು ವಸಂತಮ್ಮ. “ಒಣಗದ ಪಾರ್ಚ್‌ಮೆಂಟಿಗೆ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯುತ್ತೆ. ಆಮೇಲೆ ಅದನ್ನ ಮೂಸಿ ನೋಡೋರೂ ಇಲ್ಲ. ವರ್ಷದ ಅನ್ನ ಅದು.”

“ವಸಂತಕ್ಕ, ಸಿಟ್ಟು ಮಾಡ್ಕೋಬೇಡಿ,” ಮಲ್ಲಿಕಾರ್ಜುನಪ್ಪ ಬಾಯಿ ಹಾಕಿದ. “ಕಂಪನಿಯವರಿಗೆ ಹೇಳಿ ಒಂದು ಒಣಗಿಸೋ ಮಿಷನ್ ಕೊಡಿಸೋಣ.”

“ಅದನ್ನ ಓಡಿಸೋಕೆ ಕರೆಂಟು ಎಲ್ಲಿಂದ ತರ್ತೀಯ? ದಿನಕ್ಕೆ ಮೂರು ತಾಸು ಇದ್ರೆ ಹೆಚ್ಚು. ಮಲ್ಲಪ್ಪ, ಈ ನೆರಳು ನಿನ್ನ ಕಣದ ಮೇಲೆ ಬಿದ್ದಿದ್ರೆ ಇದೇ ಮಾತು ಹೇಳ್ತಿದ್ಯಾ? ನಾಚಿಕೆ ಆಗಬೇಕು ನಿಂಗೆ.”

ಅಭಿರಾಮ ಎದ್ದು, ಈ ಸಲ ಅಂಚಿನಲ್ಲೇ ನಡೆದು, ಸಿಗ್ನಲ್ ಸಿಗುವ ಮೂಲೆಯಲ್ಲಿ ನಿಂತು ಲಂಡನ್ನಿಗೆ ಫೋನು ಮಾಡಿದ. ಕಟ್ಟಡವನ್ನು ಗುಡ್ಡದ ಆಚೆ ಬದಿಗೆ ಸರಿಸಿದರೆ ಆಯಿತಲ್ಲ ಎಂದು ಮೊದಮೊದಲು ಕೈ ಆಡಿಸಿ ವಿವರಿಸುತ್ತಿದ್ದ. ಬರಬರುತ್ತ ಬರೀ ಹೂಂಗುಟ್ಟತೊಡಗಿದ. ಕಡೆಗೆ ಫೋನನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಬಂದ.

“ಏನಂತೆ?” ಎಂದಳು ವಸಂತಮ್ಮ.

“ಸರಿಸೋಕೆ ಆಗಲ್ವಂತೆ ಮೇಡಂ. ಡಿಸೈನ್ ಪಾಸಾಗಿಬಿಟ್ಟಿದೆ. ಆ ಕಡೆ ಹೋದ್ರೆ ಗಿರಿ ಕಾಣಲ್ವಂತೆ.” ಅವನು ತಲೆ ತಗ್ಗಿಸಿಯೇ ಮುಂದುವರಿಸಿದ. “ಅವರು ಕೇಳ್ತಿದ್ದಾರೆ, ನೀವು ಕಾಫೀನ ಜೂನಲ್ಲಿ ಒಣಗಿಸ್ಕೊಳ್ಳೋಕೆ ಆಗಲ್ವಾ ಅಂತ.”

ವಸಂತಮ್ಮ ಬೈಯುತ್ತಾಳೆಂದು ಇಬ್ಬರೂ ಕಾದರು. ಅವಳು ಬೈಯಲಿಲ್ಲ. ಕೈ ಚಾಚಿ, “ಆ ಒಪ್ಪಿಗೆ ಪತ್ರ ಕೊಡಿ, ಪೆನ್ನೂ ಕೊಡಿ,” ಎಂದಳು.

ಮಲ್ಲಿಕಾರ್ಜುನಪ್ಪ ಉಸಿರು ಬಿಟ್ಟು ತನ್ನ ಪೆನ್ನನ್ನೇ ಮುಂದೆ ಮಾಡಿದ. ವಸಂತಮ್ಮ ಜಗಲಿಯ ಮೇಲೆ ಕೂತು ಗುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದಳು. ಕೆಳಗೆ ಪೂರ್ತಿ ಹೆಸರು, ಜಮೀನಿನ ಸರ್ವೆ ನಂಬರು ಹಾಕಿ ಸಹಿ ಮಾಡಿ, ಅಭಿರಾಮನ ಕೈಗೆ ಕೊಟ್ಟಳು. “ಒಂದಕ್ಷರ ಬಿಡದೆ ಇಂಗ್ಲಿಷ್ ಮಾಡಿ ಕಳ್ಸಿ ಅವರಿಗೆ.”

ಅವನು ಓದಿದ: “ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ ಹದಿನಾಲ್ಕು ಅಂತಸ್ತನ್ನೂ ನಿಲ್ಲಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ. ಡಿಸೆಂಬರ್ ಬರುವುದರೊಳಗೆ ಬಿಚ್ಚಿ ಪಕ್ಕಕ್ಕಿಟ್ಟುಕೊಳ್ಳತಕ್ಕದ್ದು.”