ನೀಲವ್ವನ ಬೋಗುಣಿ

ಇದನ್ನು ಹೇಳುವ ಯೋಗ್ಯತೆ ನನಗೆ ಸಾಲದು, ತಪ್ಪಿದ್ದರೆ ಮನ್ನಿಸಿ. ನಮ್ಮ ಚಿತ್ತಶುದ್ಧಿ ಕೇಂದ್ರದಲ್ಲಿ ದಿನವೂ ನಡೆಯುವುದು ಇಷ್ಟೇ: ಬಂದವರು ಬೋಗುಣಿಯ ನೀರಿನಲ್ಲಿ ಕೈ ಅದ್ದುತ್ತಾರೆ, ಮನಸ್ಸಿನ ಕೊಳೆ ನೀರಿಗಿಳಿಯುತ್ತದೆ, ನಾನು ಕದಡಿದ ನೀರನ್ನು ತಿಳಿಗೊಳಿಸುವ ಚಿಲ್ಲದ ಬೀಜ ತೇಯ್ದು ಬೆರೆಸುತ್ತೇನೆ. ನೀರು ತಿಳಿಯಾದರೆ ಮನಸ್ಸೂ ತಿಳಿ.

ನಿನ್ನೆ ನೀಲವ್ವ ಕೈ ಅದ್ದಿದಾಗ ನೀರು ಕಪ್ಪಾಯಿತು. ಅವಳ ಮಗ ಲಾರಿಗೆ ಸಿಕ್ಕಿ ಸತ್ತು ಆರು ವರ್ಷ; ಆ ಲಾರಿಯ ಡ್ರೈವರನ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

"ಇಷ್ಟು ಕಾಡಿಗಿ ಎಲ್ಲಿ ಕೂಡಿಟ್ಟಿದ್ದಿ ಬೇ?" ಎಂದು ಸರದಿಯಲ್ಲಿದ್ದ ಮುದುಕ ನಕ್ಕ.

"ನಿಂದು ಹೊರಗ ಬರ್ಲಿ, ಆಮ್ಯಾಲ ನಗು," ಎಂದು ಅವನ ಬಾಯಿ ಮುಚ್ಚಿಸಿ ಅವಳು ನನ್ನತ್ತ ತಿರುಗಿದಳು. "ತಮ್ಮಾ, ಸಿಟ್ಟು ಹೋದ್ರ ಮಗನ ಮಾರೀನೂ ಮರತು ಹೋಗತೈತೇನು?"

ಕೆಲವರಿಗೆ ಹಾಗಾಗಿದೆ. ತೇಯಲೆಂದು ಎತ್ತಿಕೊಂಡ ಬೀಜವನ್ನು ಕಲ್ಲಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡೆ.

ಅವಳು ಕಪ್ಪು ನೀರಿನತ್ತ ಬಾಗಿದಳು. "ಆ ಡ್ರೈವರಗೂ ಒಬ್ಬಾಕಿ ಅವ್ವ ಇರಬೇಕಲ್ಲ," ಎಂದಳು ಮೆಲ್ಲಗೆ.

ಅಷ್ಟಕ್ಕೇ ಕಪ್ಪು ಕರಗಿತು. ಬೋಗುಣಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಮುದುಕ ಕೈ ಮುಗಿದ. ನೀಲವ್ವ ಕಣ್ಣು ಮುಚ್ಚಿ, "ನನ್ನ ಮಗ ಅದಾನೋ ತಮ್ಮಾ, ನಗಾಕತ್ತಾನ," ಎಂದಳು.

ಬೀಜ ನನ್ನ ಕೈಯಲ್ಲೇ ಉಳಿದಿತ್ತು. ನೀರನ್ನು ತಿಳಿಯಾಗಿಸಿದ್ದು ಏನು? ನನಗೆ ಗೊತ್ತಿಲ್ಲ.