ಒಂದೇ ಸಾಲಿನ ಡ್ರೈವರ್

"ಮೇಡಮ್, ಆ ಲಾರಿ ಡ್ರೈವರ್ ಮರುದಿನಾನ ಡ್ಯೂಟಿಗೆ ಹೋದಾ ಅಂತ ಬರದೀರಿ. ಅದು ಹಂಗ ಆಗೂದಿಲ್ರಿ."

ಲಂಡನ್ನಿನ ಹ್ಯಾರೋದ ಸಭಾಂಗಣದಲ್ಲಿ ಹಿಂದಿನ ಕುರ್ಚಿಯಿಂದ ಎದ್ದು ನಿಂತವನು ಸಂಗಮೇಶ, ವಿಜಯಪುರದವನು, ಹೌನ್ಸ್ಲೋದಲ್ಲಿ ಬಸ್ ಓಡಿಸುತ್ತಾನೆ. ವೇದಿಕೆಯ ಮೇಲೆ ಜಾಹ್ನವಿ ಆಗಷ್ಟೇ ತನ್ನ ಮೊದಲ ಕಾದಂಬರಿಯ ಒಂದು ಅಧ್ಯಾಯ ಓದಿ ಮುಗಿಸಿದ್ದಳು. ಕಥಾನಾಯಕಿ, ಲಾರಿಗೆ ಸಿಕ್ಕು ಸತ್ತ ಹುಡುಗನ ತಾಯಿ. ಎಲ್ಲೇ ಬ್ರೇಕಿನ ಸದ್ದಾದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಓಡುವವಳು. ಮುಂದೆ ಕೂತವರಲ್ಲಿ ಇಬ್ಬರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇದು ತಾಯಿಯ ಕಥೆ," ಎಂದಳು ಜಾಹ್ನವಿ. "ಡ್ರೈವರ್ ಬಗ್ಗೆ ಇರೋದು ಒಂದೇ ಸಾಲು."

"ಹೌದ್ರಿ. ಆ ಒಂದ ಸಾಲಿನ್ಯಾಗ ನಾ ಅದೀನಿ."

ಕುರ್ಚಿಗಳು ಕಿರುಗುಟ್ಟಿದವು. ಕನ್ನಡ ಸಂಘದ ಕಾರ್ಯದರ್ಶಿ ರಾಕೇಶ್ ಮೈಕ್ ತೆಗೆದುಕೊಂಡು, ಚಹಾ ಸಿದ್ಧವಾಗಿದೆ ಎಂದ. ಸಹಿಗೆಂದು ಚಾಚಿದ ಪುಸ್ತಕಗಳನ್ನು ಬಿಟ್ಟು ಜಾಹ್ನವಿ ಹೊರಗೋಡಿದಳು. ಸಂಗಮೇಶ ಮೆಟ್ಟಿಲಿಳಿಯುತ್ತಿದ್ದ.

"ಎಲ್ಲಿ ಆಗಿದ್ದು?"

"ಸಿಂದಗಿ ರಸ್ತೇದಾಗ. ಹದಿನಾರು ವರ್ಷ ಆತು. ಆಗ ಲಾರಿ ಹೊಡೀತಿದ್ದೆ. ಸೈಕಲ್ ಮ್ಯಾಲ ಒಂದ ಹುಡುಗ ಬಂದ."

ಅವಳ ತಮ್ಮ ಲಾರಿ ಹಾಯ್ದು ಸತ್ತದ್ದು ಧಾರವಾಡದಲ್ಲಿ. ಇವನಲ್ಲ. ಅದು ತಿಳಿದ ಮೇಲೂ ಅವಳು ಮೆಟ್ಟಿಲಿಳಿದು ಅವನ ಎದುರು ನಿಂತಳು. ಹತ್ತೊಂಬತ್ತು ವರ್ಷ ಅವಳು ತಮ್ಮನ ಮೇಲೆ ಲಾರಿ ಹಾಯಿಸಿದವನ ಮುಖಕ್ಕಾಗಿ ಹುಡುಕಿದ್ದಳು. ಸಿಗದೆ, ಕೊನೆಗೆ ತಾನೇ ಒಂದು ಸಾಲಿನಲ್ಲಿ ಬರೆದು ಮುಗಿಸಿದ್ದಳು. ಸಭೆಯಲ್ಲಿ ಜೋಪಾನವಾಗಿ ಆಡಿದ ಬೆಂಗಳೂರಿನ ಕನ್ನಡ ಈಗ ಬಾಯಿಗೆ ಬರಲಿಲ್ಲ.

"ಗಾಡಿ ನಿಂದರ್ಸಿದ್ರೇನು? ಅದೊಂದ ಹೇಳ್ರಿ. ಇಳದು ನೋಡಿದ್ರೇನು?"

ಸಂಗಮೇಶ ರಸ್ತೆಯತ್ತ ನೋಡಿದ. ಜಾಕೆಟ್ಟಿನ ಜಿಪ್ ಮೇಲೆಳೆದ, ಕೆಳಗೆಳೆದ, ಮತ್ತೆ ಮೇಲೆಳೆದ.

"ಇಲ್ರಿ."

ಜಾಹ್ನವಿ ಅವನ ತೋಳು ಹಿಡಿದಳು, ಈಗಲೂ ಎಲ್ಲಿ ಓಡಿಹೋಗುತ್ತಾನೋ ಎಂಬಂತೆ. ಅವಳ ಉಗುರು ಜಾಕೆಟ್ಟಿನೊಳಗೆ ಇಳಿದಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.

"ಈಗ ಎಲ್ಲಾ ಸ್ಟಾಪಿನ್ಯಾಗೂ ನಿಂದರ್ಸತೀನ್ರಿ," ಎಂದ. "ಯಾರೂ ಇಲ್ಲಂದ್ರೂ ಬಾಗಲಾ ತಗೀತೀನಿ. ಒಳಗಿನ ಮಂದಿ ಬೈತಾರ."