ಕೊನೆಯ ಹದಿನಾರು ಪುಟ

ಭಾನುವಾರ ಲೈಬ್ರರಿಯ ಸಭೆಯಲ್ಲಿ ಓದಬೇಕಾದ ಭಾಗಕ್ಕೆ ಗುರುತು ಹಾಕಲೆಂದು ಕಾದಂಬರಿಕಾರರು ತಮ್ಮ ಹೊಸ ಪ್ರೇಮ ಕಾದಂಬರಿಯ ಕೊನೆಯ ಅಧ್ಯಾಯ ತೆರೆದರು. ನೂರ ನಲವತ್ತನಾಲ್ಕನೆಯ ಪುಟದ ತುದಿಯಲ್ಲಿ ರೈಲು ಹೊರಟಿತ್ತು, ನಾಯಕಿ ತಿರುಗಿ ನೋಡಿದ್ದಳು, ನಾಯಕ ತೋಳು ಚಾಚಿದ್ದ. ಕಣ್ಣು ಎದುರು ಪುಟಕ್ಕೆ ಹೊರಳಿತು. ‘ಆ ತೋಳು ಅವಳ ಮೈಯನ್ನು ತೂರಿಕೊಂಡು ಆಚೆ ಬಂತು. ಅವಳಿಗೆ ನೆರಳೇ ಇರಲಿಲ್ಲ.’ ಮುಂದಿನ ಹದಿನೈದು ಪುಟಗಳಲ್ಲಿ ನಾಯಕಿ ನಾಯಕನನ್ನು ಪಾಳುಬಾವಿಗೆ ಎಳೆದೊಯ್ದು ನಿಧಾನವಾಗಿ ಮುಗಿಸುತ್ತಿದ್ದಳು.

ಕಾದಂಬರಿಕಾರರು ಪುಸ್ತಕ ಮಗುಚಿ ಮುಖಪುಟವನ್ನು ಇನ್ನೊಮ್ಮೆ ನೋಡಿದರು. ಅದು ಅವರದೇ ದೆವ್ವದ ಕಾದಂಬರಿಯ ಕೊನೆ! ಆಡು ಮುಟ್ಟದ ಸೊಪ್ಪಿಲ್ಲ, ಅವರು ಕೈಹಾಕದ ಪ್ರಕಾರವಿಲ್ಲ: ಪ್ರೇಮ, ಪತ್ತೇದಾರಿ, ದೆವ್ವ, ಹಾಸ್ಯ, ಚಂದ್ರಲೋಕ. ಬರೆಯುವವರೂ ಅವರೇ, ಅಚ್ಚು ಹಾಕಿಸುವವರೂ ಅವರೇ, ಚೀಲದಲ್ಲಿ ಹೊತ್ತು ಹಂಚುವವರೂ ಅವರೇ. ಈ ಸಲ ಎರಡು ಪುಸ್ತಕ ಒಟ್ಟಿಗೇ ಮಾಡಿಸಿದ್ದರು. ಎರಡಕ್ಕೂ ಒಂದೇ ಅಳತೆ, ಒಂದೇ ಕಾಗದ, ತಲಾ ನೂರ ಅರವತ್ತು ಪುಟ. ಸಾಲದ್ದಕ್ಕೆ ಪ್ರಕಾರ ಬದಲಾದರೂ ನಾಯಕ ನಾಯಕಿಯರ ಹೆಸರು ಬದಲಾಯಿಸುವ ಅಭ್ಯಾಸ ಅವರಿಗಿರಲಿಲ್ಲ. ಬೈಂಡಿಂಗ್ ಮಾಡುವಾಗ ಇದರ ಕೊನೆಯ ಹದಿನಾರು ಪುಟ ಅದಕ್ಕೆ, ಅದರದು ಇದಕ್ಕೆ ಸೇರಿಹೋಗಿತ್ತು.

ಬಿಡುಗಡೆಯಾಗಿ ಮೂರು ತಿಂಗಳು. ಮುನ್ನೂರು ಪ್ರತಿ ಮುನ್ನೂರು ಮನೆ ಸೇರಿವೆ. ವಾರಪತ್ರಿಕೆಯ ವಿಮರ್ಶಕರು ‘ಹಿತವಾದ, ಬೆಚ್ಚನೆಯ ಮುಕ್ತಾಯ’ ಎಂದು ಬರೆದೂ ಆಗಿದೆ. ಕಾದಂಬರಿಕಾರರು ತಡೆಯಲಾರದೆ ಅಕ್ಕನ ಗಂಡನಿಗೆ ಫೋನ್ ಮಾಡಿದರು.

“ಭಾವ, ನನ್ನ ಪ್ರೇಮ ಕಾದಂಬರಿ ಓದಿದ್ರಲ್ಲ, ಕೊನೆ ಹೇಗನ್ನಿಸ್ತು?”

“ಅಯ್ಯೋ, ಕಣ್ಣಲ್ಲಿ ನೀರು ಬಂತು ಕಣೋ! ಅಂತೂ ಇಬ್ಬರನ್ನೂ ಒಂದು ಮಾಡಿಬಿಟ್ಟೆ. ಸುಖವಾಗಿರಲಿ ಬಿಡು.”

ಇನ್ನೂ ಆರು ಜನರನ್ನು ಕೇಳಿದರು. ಆರು ಮನೆಯಲ್ಲೂ ನಾಯಕ ನಾಯಕಿ ಸುಖವಾಗಿದ್ದರು. ಕಾದಂಬರಿಕಾರರಿಗೆ ಅಳು ಬರುವಷ್ಟು ಸಂಕಟವಾಯಿತು. ಅವರನ್ನೆಲ್ಲ ಬೈಯೋಣವೆಂದರೆ ತಾವಾದರೂ ಮೂರು ತಿಂಗಳಲ್ಲಿ ಮುಖಪುಟವನ್ನು ಸವರಿದ್ದು ಬಿಟ್ಟರೆ ಒಳಗೆ ಇಣುಕಿದ್ದಿಲ್ಲ. ಕೋಪವನ್ನು ಎಲ್ಲಾದರೂ ಇಳಿಸಲೇಬೇಕಿತ್ತು. ಎರಡೂ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಸೀದಾ ಪ್ರೆಸ್ಸಿಗೆ ನಡೆದರು.

“ಈ ಕೆಲಸ ಮಾಡಿದವರು ನಾಳೆಯಿಂದ ಇಲ್ಲಿ ಇರಕೂಡದು” ಎಂದು ಪುಸ್ತಕಗಳ ಕೊನೆಯ ಅಧ್ಯಾಯ ತೆರೆದು ಮೇಜಿನ ಮೇಲೆ ಕುಕ್ಕಿದರು.

ಪ್ರೆಸ್ಸಿನ ಮಾಲೀಕ ವಿಷಯವೇನೆಂದೂ ಪೂರ್ತಿ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. “ನಾಳೆ ಯಾಕೆ ಸಾರ್, ಇವತ್ತೇ ಕಳಿಸ್ತೀನಿ” ಎಂದು ಒಳಕ್ಕೆ ಕೂಗಿದ. ಬೈಂಡಿಂಗ್ ಅಕ್ಕ ಎಂದೇ ಎಲ್ಲರೂ ಕರೆಯುವ ಹೆಂಗಸು ಗೋಂದಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಪುಸ್ತಕ ನೋಡಿದಳು, ತೆರೆದ ಪುಟ ನೋಡಿದಳು, ಅವಳ ಮುಖ ಬಿಳಿಚಿಕೊಂಡಿತು.

“ಇದು ತಪ್ಪಾ ಸಾರ್? ನೀವೇ ಬೇಕಂತ ಹೀಗೆ ಬರೆದಿದ್ದೀರಿ ಅಂದ್ಕೊಂಡಿದ್ದೆ.”

“ಅಂದ್ಕೊಂಡಿದ್ದೆ ಅಂದ್ರೆ? ನೀವು ಓದಿದಿರಾ?”

“ಮೂಲೆ ಮಡಿಚಿದ ಪ್ರತಿ ಒಂದೆರಡು ಉಳಿಯುತ್ತಲ್ಲ, ಮನೆಗೆ ತಗೊಂಡು ಹೋಗಿ ಓದ್ತೀನಿ. ನಿಮ್ಮ ಹದಿನೇಳು ಪುಸ್ತಕಾನೂ ಓದಿದೀನಿ.” ಕೆಲಸ ಹೇಗೂ ಹೋಯಿತೆಂದು ತೋರಿತೇನೋ, ಮಾತಿಗೆ ಧೈರ್ಯ ಬಂತು. “ಬೇಜಾರು ಮಾಡ್ಕೋಬೇಡಿ ಸಾರ್, ನಿಮ್ಮದು ಹತ್ತು ಪುಟ ಓದಿದ್ರೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತೆ. ಇದೊಂದ್ರಲ್ಲೇ ಎದೆ ಧಸಕ್ ಅಂತು. ಆ ಇನ್ನೊಂದ್ರಲ್ಲಿ, ಪಾಪ, ಬಾವಿಯಿಂದ ಎದ್ದ ದೆವ್ವಕ್ಕೂ ಒಂದು ಮದುವೆ, ಒಂದು ಸಂಸಾರ ಆಯ್ತಲ್ಲ, ಕೂತು ಅತ್ತುಬಿಟ್ಟೆ.”

ಕಾದಂಬರಿಕಾರರಿಗೆ ಮೊದಲು ಮೈ ಉರಿಯಿತು. ಆಮೇಲೆ ಉರಿ ಹಾಗೇ ತಣ್ಣಗಾಯಿತು. ಮೂವತ್ತು ವರ್ಷ ಚೀಲ ಹೊತ್ತು ತಿರುಗಿ ಹುಡುಕಿದ್ದು ಒಬ್ಬರನ್ನು, ಕೊನೆಯ ಪುಟದವರೆಗೂ ಬರುವ ಒಬ್ಬರನ್ನು. ಆ ಒಬ್ಬರು ಗೋಂದು ಮೆತ್ತಿದ ಕೈ ಕಟ್ಟಿಕೊಂಡು ಎದುರಿಗೇ ನಿಂತಿದ್ದಾರೆ. ಅವರನ್ನು ಮನೆಗೆ ಕಳಿಸಲು ತಾವೇ ಬೆವರು ಸುರಿಸಿಕೊಂಡು ಬಂದಿದ್ದಾರೆ!

“ತಪ್ಪೇನೂ ಆಗಿಲ್ಲ” ಎಂದರು, ಪುಸ್ತಕ ಮುಚ್ಚುತ್ತ. “ನಾನೇ ಹಾಗೆ ಬರೆದದ್ದು. ಹೊಸ ಪ್ರಯೋಗ. ಈಗ ಜ್ಞಾಪಕಕ್ಕೆ ಬಂತು.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ ಸಾರ್” ಎಂದ ಮಾಲೀಕ ತಟ್ಟನೆ. “ಓದಿದ ದಿನವೇ ನನ್ನ ಹೆಂಡತಿಗೆ ಹೇಳಿದ್ದೆ, ಎಂಥಾ ಪ್ರಯೋಗ ಅಂತ!”

ಕಾದಂಬರಿಕಾರರು ಪುಸ್ತಕಗಳನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಬಂದರು. ಮೈ ಹಗುರವಾಗಿತ್ತು. ಹಿಂದಿನಿಂದ ಬೈಂಡಿಂಗ್ ಅಕ್ಕ ಓಡಿಬಂದಳು.

“ಸಾರ್, ಬಹಳ ದಿನದಿಂದ ಒಂದು ಮಾತು ಕೇಳಬೇಕು ಅಂತಿದ್ದೆ” ಎಂದಳು. “ನಿಮ್ಮ ಪತ್ತೇದಾರಿ ಕಾದಂಬರೀಲಿ ಮೂರನೇ ಅಧ್ಯಾಯದಲ್ಲಿ ಕೊಲೆಯಾದ ವಾಚ್‌ಮನ್ ಒಂಬತ್ತನೇ ಅಧ್ಯಾಯದಲ್ಲಿ ಬೆಂಚಿನ ಮೇಲೆ ಕೂತು ಟೀ ಕುಡೀತಾನಲ್ಲ, ಅದೂ ನೀವೇ ಬೇಕಂತ ಬರೆದದ್ದಾ?”